ವಪೆಯ ಆಪರೇಷನ್ ಆದ ಮಗು ವರ್ಷಗಳಾದರೂ ಕಕ್ಕುತ್ತಿದ್ದರೆ: ಮನೆಯಿಂದ ಆಸ್ಪತ್ರೆಯವರೆಗೆ, ಹಂತ ಹಂತವಾಗಿ

"ಹುಟ್ಟಿದ ವಾರದಲ್ಲೇ ಆಪರೇಷನ್ ಆಯಿತು. ಈಗ ಎರಡು ವರ್ಷ. ಉಂಡದ್ದು ಇನ್ನೂ ಬಾಯಿಗೆ ಬರುತ್ತದೆ. ಒಳಗಿನ ಹೊಲಿಗೆ ಬಿಚ್ಚಿದೆಯೇ?" ಆಳಂದ, ಚಿಂಚೋಳಿ, ಹುಮನಾಬಾದ್, ಶಹಾಪುರದ ಕಡೆಯಿಂದ ಬರುವ ತಾಯಂದಿರು ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳುತ್ತಾರೆ. ಕಲಬುರಗಿಯಲ್ಲಿ ಮಕ್ಕಳ ವಾರ್ಡಿನ ಶುಶ್ರೂಷಕಿಯಾಗಿ ಈ ಪ್ರಶ್ನೆಗೆ ಹಾಸಿಗೆಯ ಪಕ್ಕ ನಿಂತು ಐದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಬೇಕಾಗುತ್ತಿತ್ತು. ಐದು ನಿಮಿಷಕ್ಕೆ ನಿಲುಕುವ ವಿಷಯ ಇದಲ್ಲ. ಅದಕ್ಕಾಗಿ ಬರೆದಿಡುತ್ತಿದ್ದೇನೆ.

ಎದೆ ಮತ್ತು ಹೊಟ್ಟೆಯ ನಡುವೆ ಛತ್ರಿಯಂತೆ ಹರಡಿರುವ ಸ್ನಾಯುವೇ ವಪೆ. ಸುಮಾರು 2500ರಿಂದ 4000 ಶಿಶುಗಳಲ್ಲಿ ಒಂದಕ್ಕೆ ಗರ್ಭದಲ್ಲಿಯೇ ಈ ಸ್ನಾಯು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಹತ್ತರಲ್ಲಿ ಎಂಟು ಮಕ್ಕಳಿಗೆ ತೂತು ಎಡಬದಿಗೆ ಇರುತ್ತದೆ. ಅದರ ಮೂಲಕ ಕರುಳು, ಜಠರ, ಕೆಲವೊಮ್ಮೆ ಯಕೃತ್ತೂ ಎದೆಗೂಡಿಗೆ ಏರಿ ಕುಳಿತು ಶ್ವಾಸಕೋಶ ಬೆಳೆಯಲು ಜಾಗವೇ ಉಳಿಯುವುದಿಲ್ಲ. ಇದನ್ನೇ ವಪೆಯ ಹರ್ನಿಯಾ ಎನ್ನುತ್ತಾರೆ. ಮಗು ಹುಟ್ಟಿದ ಮೇಲೆ ಉಸಿರಾಟ ಸ್ವಲ್ಪ ಸ್ಥಿರವಾದಾಗ ವೈದ್ಯರು ಅಂಗಗಳನ್ನು ಹೊಟ್ಟೆಗೆ ಇಳಿಸಿ ತೂತನ್ನು ಹೊಲಿಯುತ್ತಾರೆ. ತೂತು ದೊಡ್ಡದಿದ್ದರೆ ಕೃತಕ ಪೊರೆಯ ತೇಪೆ ಹಾಕುತ್ತಾರೆ.

ತೂತು ಮುಚ್ಚಿತು, ಸರಿ. ಆದರೆ ಅನ್ನನಾಳ ಹೊಟ್ಟೆಗೆ ಇಳಿಯುವ ಕಿಂಡಿಯೂ ಅದೇ ವಪೆಯಲ್ಲಿದೆ. ಆ ಕಿಂಡಿಯ ಸುತ್ತಲಿನ ಸ್ನಾಯುಪಟ್ಟಿಗಳು ಅನ್ನನಾಳವನ್ನು ಹಿತವಾಗಿ ಹಿಡಿದುಕೊಂಡಿರುವುದರಿಂದಲೇ ನಾವು ಉಂಡದ್ದು ಮೇಲಕ್ಕೆ ಬರುವುದಿಲ್ಲ. ಈ ಮಕ್ಕಳಲ್ಲಿ ಆ ಪಟ್ಟಿಗಳು ತೆಳುವಾಗಿರುತ್ತವೆ, ಇಲ್ಲವೇ ಹೊಲಿಗೆಯ ಎಳೆತಕ್ಕೆ ಓರೆಯಾಗಿರುತ್ತವೆ. ತಿಂಗಳುಗಟ್ಟಲೆ ಎದೆಯಲ್ಲಿದ್ದ ಜಠರ ತನ್ನ ಸರಿಯಾದ ಬಾಗು ಕಳೆದುಕೊಂಡಿರುತ್ತದೆ. ಅನ್ನನಾಳವೂ ಹಿಗ್ಗಿ ಮಂದವಾಗಿ ಚಲಿಸುತ್ತದೆ. ಕರುಳಿಲ್ಲದೆ ಚಿಕ್ಕದಾಗಿಯೇ ಬೆಳೆದ ಹೊಟ್ಟೆಗೆ ಎಲ್ಲವನ್ನೂ ಒಮ್ಮೆಲೇ ಇಳಿಸಿದ್ದರಿಂದ ಒಳಗಿನ ಒತ್ತಡವೂ ಹೆಚ್ಚು. ಜಠರದ ಆಮ್ಲ ಮತ್ತು ಆಹಾರ ಹೀಗೆ ಅನ್ನನಾಳಕ್ಕೆ ಮರಳುವುದನ್ನು ವೈದ್ಯರು ರಿಫ್ಲಕ್ಸ್ ಎನ್ನುತ್ತಾರೆ. ತೇಪೆ ಹಾಕಿಸಿಕೊಂಡ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು.

ಆರೋಗ್ಯವಂತ ಶಿಶುಗಳೂ ಹಾಲು ಕಕ್ಕುತ್ತವೆ. ಹೆಚ್ಚಿನವು ಒಂದರಿಂದ ಒಂದೂವರೆ ವರ್ಷದೊಳಗೆ ತಾವಾಗಿಯೇ ನಿಲ್ಲಿಸುತ್ತವೆ. "ಎಲ್ಲ ಮಕ್ಕಳೂ ಕಕ್ಕುತ್ತವೆ ಬಿಡು" ಎಂಬ ಅತ್ತೆಯ, ನೆರೆಯವರ ಮಾತು ಆ ಮಕ್ಕಳಿಗೆ ಸರಿ. ನಿಮ್ಮ ಮಗುವಿಗೆ ಆ ಲೆಕ್ಕ ಹಚ್ಚಬೇಡಿ. ಹಾಗೆಂದು ಪ್ರತಿ ವಾಂತಿಗೂ ಹೊಲಿಗೆ ಬಿಚ್ಚಿದೆ ಎಂದು ನಡುಗಬೇಕಾಗಿಯೂ ಇಲ್ಲ.

ಹಂತ 1: ಕಾಯಬಾರದ ಲಕ್ಷಣಗಳನ್ನು ಮೊದಲು ತಿಳಿದುಕೊಳ್ಳಿ

ವಾಂತಿಯ ಬಣ್ಣ ನೋಡಿ. ಬಿಳಿ ಹಾಲು, ಮೊಸರಿನಂಥ ಗಟ್ಟಿ, ಉಂಡ ಅನ್ನ ಬಂದರೆ ಗಮನಿಸಲು ಸಮಯವಿದೆ. ಹಸಿರು ಬಣ್ಣದ ವಾಂತಿ ಬಂದರೆ ಸಮಯವಿಲ್ಲ. ಈ ಮಕ್ಕಳ ಕರುಳು ಹೊಟ್ಟೆಯಲ್ಲಿ ಸರಿಯಾದ ಜಾಗಕ್ಕೆ ತಿರುಗಿ ಕುಳಿತಿರುವುದಿಲ್ಲ. ಹಾಗಾಗಿ ಅದು ಹುರಿಗೊಳ್ಳಬಹುದು, ಹಳೆಯ ಆಪರೇಷನ್ನಿನ ಗಾಯಕ್ಕೆ ಅಂಟಿ ಕಟ್ಟಿಕೊಳ್ಳಲೂಬಹುದು. ಹುರಿಗೊಂಡ ಕರುಳಿಗೆ ರಕ್ತ ಹರಿಯುವುದು ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ರಕ್ತ ಅಥವಾ ಕಾಫಿ ಪುಡಿಯಂಥ ವಾಂತಿ, ಉಬ್ಬಿ ಬಿಗಿದ ಹೊಟ್ಟೆಯೊಂದಿಗೆ ಮಲವೂ ಗಾಳಿಯೂ ನಿಂತಿರುವುದು, ತುಟಿ ನೀಲಿಯಾಗುವುದು, ಪಕ್ಕೆಲುಬು ಒಳಸೇರುವಂತೆ ಏದುಸಿರು ಬಿಡುವುದು, ಆರೆಂಟು ಗಂಟೆ ಮೂತ್ರವೇ ಆಗದಿರುವುದು ಕಂಡರೂ ಅಷ್ಟೇ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವಾಂತಿ ಮಾಡುವ ಮಗು ಆಗ ಬೇಗ ನೀರು ಕಳೆದುಕೊಳ್ಳುತ್ತದೆ.

ಇಲ್ಲೊಂದು ಮುಖ್ಯ ಎಚ್ಚರಿಕೆ. ಹರ್ನಿಯಾ ಮರುಕಳಿಸಿದರೆ ಕರುಳು ಮತ್ತೆ ಎದೆಗೆ ಏರುತ್ತದೆ. ಅವಸರದಲ್ಲಿ ಎಕ್ಸ್‌ರೇ ನೋಡಿದವರಿಗೆ ಅದು ನ್ಯುಮೋನಿಯಾದಂತೆ, ಇಲ್ಲವೇ ಎದೆಯಲ್ಲಿ ಗಾಳಿ ತುಂಬಿದಂತೆ ಕಾಣಬಹುದು. ಗಾಳಿ ತೆಗೆಯಲೆಂದು ಎದೆಗೆ ನಳಿಕೆ ಹಾಕಿದರೆ ಅದು ಕರುಳಿಗೇ ಚುಚ್ಚೀತು. ಆದ್ದರಿಂದ ರಾತ್ರಿ ಪಾಳಿಯ ವೈದ್ಯರು ಯಾರೇ ಇರಲಿ, ನಿಮ್ಮ ಮೊದಲ ವಾಕ್ಯ ಇದೇ ಆಗಿರಲಿ: "ಈ ಮಗುವಿಗೆ ಹುಟ್ಟಿದಾಗ ವಪೆಯ ಹರ್ನಿಯಾ ಆಪರೇಷನ್ ಆಗಿದೆ." ವಪೆ ಎಂದರೆ ತಿಳಿಯದಿದ್ದರೆ ಡಯಾಫ್ರಮ್ ಎನ್ನಿ. ಜೊತೆಗೆ ಹಳೆಯ ಎಕ್ಸ್‌ರೇ ತೋರಿಸಿ.

ಹಂತ 2: ಕಡತ ಮಾಡಿ

ಹಳೆಯ ಎಕ್ಸ್‌ರೇ ತೋರಿಸಬೇಕಾದರೆ ಅದು ಕೈಗೆ ಸಿಗಬೇಕಲ್ಲವೇ? ನಮ್ಮ ಭಾಗದ ಮಕ್ಕಳಿಗೆ ಆಪರೇಷನ್ ಆಗುವುದು ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಬೆಂಗಳೂರಿನಲ್ಲೋ. ಮುಂದಿನ ಜ್ವರ, ಕೆಮ್ಮಿಗೆ ತೋರಿಸುವುದು ತಾಲ್ಲೂಕು ಆಸ್ಪತ್ರೆಯಲ್ಲಿ. ಅವರಿಗೂ ಇವರಿಗೂ ನಡುವೆ ಕೊಂಡಿ ಎಂದರೆ ನಿಮ್ಮ ಕೈಚೀಲದಲ್ಲಿರುವ ಕಾಗದಗಳು ಮಾತ್ರ.

ಡಿಸ್ಚಾರ್ಜ್ ಸಾರಾಂಶದಲ್ಲಿ ಈ ವಿವರಗಳಿವೆಯೇ ನೋಡಿ: ತೂತು ಎಡಕ್ಕೋ ಬಲಕ್ಕೋ, ನೇರವಾಗಿ ಹೊಲಿದರೋ ತೇಪೆ ಹಾಕಿದರೋ, ಕರುಳಿನ ತಿರುವನ್ನು ಸರಿಪಡಿಸಿದರೋ ಇಲ್ಲವೋ, ಎಷ್ಟು ದಿನ ವೆಂಟಿಲೇಟರ್‌ನಲ್ಲಿತ್ತು, ಮನೆಗೆ ಕಳಿಸುವಾಗ ಎಷ್ಟು ತೂಕವಿತ್ತು. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಬರೆಸಿಕೊಳ್ಳಿ. ಆಪರೇಷನ್ ಮಾಡಿದ ಆಸ್ಪತ್ರೆಗೆ ನಿಮ್ಮ ದಾಖಲೆ ಸಂಖ್ಯೆ ಹೇಳಿ ಪ್ರತಿ ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಮಗು ಆರೋಗ್ಯವಾಗಿದ್ದಾಗ ತೆಗೆದ ಒಂದು ಎಕ್ಸ್‌ರೇ ಕಡತದಲ್ಲಿದ್ದರೆ, ಕಾಯಿಲೆ ಬಿದ್ದಾಗ ತೆಗೆದದ್ದರೊಂದಿಗೆ ಹೋಲಿಸಬಹುದು. ಎಲ್ಲದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ.

ಹಂತ 3: ಎರಡು ವಾರ ನೋಟ್‌ಬುಕ್ ಬರೆಯಿರಿ, ತೂಕ ಹಾಕಿಸಿ

"ಯಾವಾಗಲೂ ಕಕ್ಕುತ್ತದೆ" ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. "ರಾತ್ರಿ ಹಾಲು ಕುಡಿದು ಅರ್ಧ ಗಂಟೆಗೆ, ವಾರದಲ್ಲಿ ಐದು ದಿನ, ಸುಮಾರು ಎರಡು ಚಮಚ, ಜೊತೆಗೆ ಕೆಮ್ಮು" ಎಂದರೆ ಬಹಳ ತಿಳಿಯುತ್ತದೆ. ಉಣಿಸಿದ ಹೊತ್ತು, ಪ್ರಮಾಣ, ಕಕ್ಕಿದ ಹೊತ್ತು, ಬಣ್ಣ, ಕೆಮ್ಮು, ನಿದ್ದೆ ಇಷ್ಟನ್ನು ಬರೆಯಿರಿ.

ರಿಫ್ಲಕ್ಸ್ ಎಂದರೆ ಬಾಯಿಂದ ಹೊರಬರುವುದೇ ಆಗಬೇಕಿಲ್ಲ. ಅರ್ಧದವರೆಗೆ ಬಂದು ಮತ್ತೆ ಇಳಿಯುವುದೂ ಅನ್ನನಾಳವನ್ನು ಸುಡುತ್ತದೆ. ಶಿಶು ಹಾಲು ಕುಡಿಯುತ್ತಾ ಬೆನ್ನು ಬಿಲ್ಲಿನಂತೆ ಬಾಗಿಸಿ ಅಳುತ್ತದೆ. ಮೂರು ನಾಲ್ಕು ವರ್ಷದ ಮಗು ರಾತ್ರಿಯೆಲ್ಲ ಕೆಮ್ಮುತ್ತದೆ, ಪದೇಪದೇ ಉಬ್ಬಸ ಬರುತ್ತದೆ, ಹಲ್ಲಿನ ಹೊಳಪು ಸವೆಯುತ್ತದೆ. ದೊಡ್ಡ ಮಕ್ಕಳು ಹುಳಿತೇಗು, ಎದೆಯುರಿ ಎಂದು ಬಾಯಿಬಿಟ್ಟು ಹೇಳಬಲ್ಲರು. ಪ್ರತಿ ತುತ್ತಿಗೂ ನೀರು ಕುಡಿಯುವ, ರೊಟ್ಟಿ ಎದೆಯಲ್ಲಿ ಸಿಕ್ಕಿಕೊಂಡಿತು ಎನ್ನುವ ಮಗುವಿನ ಅನ್ನನಾಳ ಕಿರಿದಾಗಿರಬಹುದು ಅಥವಾ ಅಲರ್ಜಿಯಿಂದ ಊದಿಕೊಂಡಿರಬಹುದು. ಇದನ್ನು ಊಟದ ಹಟ ಎಂದು ಬೈಯಬೇಡಿ, ತಪಾಸಣೆ ಮಾಡಿಸಿ.

ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ತೂಕ. ಕಕ್ಕಿದರೂ ತೂಕ ಏರುತ್ತಿರುವ ಮಗುವಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಕಕ್ಕುವುದು ನಿಂತು, ತೂಕವೂ ನಿಂತ ಮಗು ನನ್ನನ್ನು ಹೆದರಿಸುತ್ತದೆ. ಅಂಗನವಾಡಿಯ ತಕ್ಕಡಿ ಸಾಕು, ಆದರೆ ಪ್ರತಿ ಸಲ ಅದೇ ತಕ್ಕಡಿ ಇರಲಿ, ಬಟ್ಟೆ ಕಡಿಮೆ ಇರಲಿ. ಮೊದಲ ವರ್ಷ ತಿಂಗಳಿಗೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆಯಲ್ಲಿ ಚುಕ್ಕೆ ಇಡಿಸಿ. ಚುಕ್ಕೆಗಳು ಒಂದು ಗೆರೆಯಿಂದ ಕೆಳಗಿನ ಗೆರೆಗೆ ಜಾರುತ್ತಿದ್ದರೆ ಆ ಪುಟವನ್ನೇ ವೈದ್ಯರ ಮುಂದಿಡಿ.

ಹಂತ 4: ಉಣಿಸುವ ರೀತಿ ಬದಲಿಸಿ

ಔಷಧಿಗಿಂತ ಮೊದಲು ಇದು, ಔಷಧಿ ಶುರುವಾದ ಮೇಲೂ ಇದು. ಒಂದೇ ಸಲ 120 ಮಿ.ಲೀ. ಹಾಲು ಕುಡಿಸುವ ಬದಲು ಅದನ್ನೇ ಎರಡು ಭಾಗ ಮಾಡಿ. ನಡುವೆ ತೇಗು ಬರಿಸಿ. ಉಣಿಸಿದ ಮೇಲೆ 20ರಿಂದ 30 ನಿಮಿಷ ಹೆಗಲಿಗೆ ಒರಗಿಸಿ ನೆಟ್ಟಗೆ ಎತ್ತಿಕೊಳ್ಳಿ. ಸೀರೆಯ ಜೋಲಿಯಲ್ಲಿ ತಕ್ಷಣ ಹಾಕಬೇಡಿ. ಜೋಲಿಯಲ್ಲಿ ಮಗು ನಡು ಮಡಚಿ ಮಲಗುವುದರಿಂದ ಹೊಟ್ಟೆ ಒತ್ತಿ ಹಾಲು ಮೇಲಕ್ಕೆ ಬರುತ್ತದೆ. ಮಲಗಿಸುವಾಗ ಒಂದು ವರ್ಷದವರೆಗೆ ಸಮತಟ್ಟಾದ ಹಾಸಿಗೆಯಲ್ಲಿ ಬೆನ್ನಿನ ಮೇಲೆಯೇ, ದಿಂಬಿಲ್ಲದೆ ಮಲಗಿಸಿ. ಕಕ್ಕುತ್ತದೆಂದು ಬೋರಲು ಮಲಗಿಸಿದರೆ ನಿದ್ದೆಯಲ್ಲೇ ಉಸಿರು ನಿಲ್ಲುವ ಅಪಾಯ ಹೆಚ್ಚುತ್ತದೆ. ದೊಡ್ಡ ಮಕ್ಕಳಿಗಾದರೆ ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಡಬಹುದು.

ಎದೆಹಾಲು ನಿಲ್ಲಿಸಬೇಡಿ. ಹಾಲಿಗೆ ನೀರು ಬೆರೆಸಿ ತೆಳು ಮಾಡಬೇಡಿ, ಇದು ನಾನು ಅತಿ ಹೆಚ್ಚು ಕಂಡ ತಪ್ಪು. ಉಸಿರಾಟಕ್ಕೇ ಹೆಚ್ಚು ಶಕ್ತಿ ಸುಡುವ ಈ ಮಗುವಿಗೆ ತೆಳು ಹಾಲು ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಹಾಲನ್ನು ಗಟ್ಟಿ ಮಾಡಲು ಹಿಟ್ಟು ಬೆರೆಸುವುದನ್ನು ವೈದ್ಯರು ಹೇಳಿದರೆ ಮಾತ್ರ, ಹೇಳಿದಷ್ಟೇ ಮಾಡಿ. ಒಂದು ವರ್ಷದೊಳಗೆ ಜೇನುತುಪ್ಪ ಬೇಡವೇ ಬೇಡ. ಘುಟ್ಟಿ, ಬಜೆ, ಗ್ರೈಪ್ ವಾಟರ್ ಯಾವುದೂ ಸಡಿಲವಾದ ಕಿಂಡಿಯನ್ನು ಬಿಗಿ ಮಾಡಲಾರವು. ಹೊಟ್ಟೆಗೆ ಬರೆ ಹಾಕಿಸೋಣ ಎಂದು ಯಾರಾದರೂ ಹೇಳಿದರೆ ಮಗುವನ್ನು ಎತ್ತಿಕೊಂಡು ಅಲ್ಲಿಂದ ಎದ್ದು ಬನ್ನಿ. ಹಿರಿಯರು ಮುನಿಸಿಕೊಂಡರೆ ಕೊಳ್ಳಲಿ.

ಆರು ತಿಂಗಳ ನಂತರ ಮೃದುವಾಗಿ ಬೇಯಿಸಿದ ಅನ್ನ ಮತ್ತು ತೊಗರಿಬೇಳೆ, ಅದಕ್ಕೊಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ. ಐದು ಮಿ.ಲೀ. ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇದೆ. ಉಣ್ಣುವ ಪ್ರಮಾಣ ಹೆಚ್ಚಿಸದೆ ಶಕ್ತಿ ಹೆಚ್ಚಿಸುವ ಉಪಾಯ ಇದು. ಒಂದು ವರ್ಷ ದಾಟಿದ ಮೇಲೆ ಜೋಳದ ರೊಟ್ಟಿಯನ್ನು ಹಾಲಿನಲ್ಲೋ ಬೇಳೆಯಲ್ಲೋ ನೆನೆಸಿ ಹಿಚುಕಿ ಕೊಡಿ. ಖಡಕ್ ರೊಟ್ಟಿ ಬೇಡ. ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಬೆರೆಸಿ, ಇಡೀ ಕಾಳನ್ನು ಚಿಕ್ಕ ಮಕ್ಕಳಿಗೆ ಕೊಡಬೇಡಿ, ಶ್ವಾಸನಾಳಕ್ಕೆ ಜಾರುತ್ತದೆ. ಪುಂಡಿಪಲ್ಯ, ಮಿರ್ಚಿ ಭಜಿ, ಚಹಾ, ಚಾಕೊಲೇಟ್, ಬಾಟಲಿ ಪಾನೀಯ ಕೆಲವು ಮಕ್ಕಳಿಗೆ ಎದೆಯುರಿ ತರುತ್ತವೆ, ಕೆಲವರಿಗೆ ಇಲ್ಲ. ನೋಟ್‌ಬುಕ್ ನೋಡಿ ನಿರ್ಧರಿಸಿ, ಸುಮ್ಮನೆ ಎಲ್ಲ ಬಿಡಿಸಿ ಮಗುವನ್ನು ಸೊರಗಿಸಬೇಡಿ. ಎಲ್ಲರಿಗೂ ಅನ್ವಯಿಸುವುದು ಒಂದು: ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಗಂಟೆಯಾದರೂ ಇರಲಿ. ಬೀಡಿ, ಸಿಗರೇಟು, ಒಲೆಯ ಹೊಗೆಯಿಂದ ಈ ಮಗುವನ್ನು ದೂರವಿಡಿ.

ಈಗ ಬಾಯಿಯ ಭಯದ ಬಗ್ಗೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ತಾಯಂದಿರು ಅತಿ ಹೆಚ್ಚು ಅಳುವುದು ಇದಕ್ಕೆ. ಹುಟ್ಟಿದ ಕ್ಷಣದಿಂದ ವಾರಗಟ್ಟಲೆ ಬಾಯಿ, ಮೂಗಿನಲ್ಲಿ ನಳಿಕೆಗಳನ್ನು ಇಟ್ಟುಕೊಂಡ ಮಗುವಿಗೆ ಬಾಯಿಯ ಬಳಿ ಬರುವುದೆಲ್ಲ ನೋವೇ. ಹೀರುವುದನ್ನು, ಅಗಿಯುವುದನ್ನು ಕಲಿಯಬೇಕಾದ ಹೊತ್ತಿನಲ್ಲಿ ಅದು ಕಲಿಯಲಿಲ್ಲ. ಆಮೇಲೆ ಉಂಡಾಗಲೆಲ್ಲ ಎದೆ ಉರಿಯಿತು. ಚಮಚ ಕಂಡರೆ ತುಟಿ ಬಿಗಿಹಿಡಿಯುವುದು ಅದರ ಹಟವಲ್ಲ, ಅದರ ಅನುಭವ. ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು, ಬಾಯಿಗೆ ಸುರಿದರೆ ಆ ಅನುಭವ ಗಟ್ಟಿಯಾಗುತ್ತದೆ. ಮೊದಲೇ ದುರ್ಬಲವಾದ ಶ್ವಾಸಕೋಶಕ್ಕೆ ಆಹಾರವೂ ಇಳಿಯುತ್ತದೆ. ಮನೆಯವರೆಲ್ಲ ಉಣ್ಣುವಾಗ ಮಗುವನ್ನೂ ಜೊತೆಗೆ ಕೂರಿಸಿ, ಅದರ ಮುಂದೆ ಸ್ವಲ್ಪ ಅನ್ನ ಇಡಿ. ಮುಟ್ಟಲಿ, ಕಲಸಲಿ, ಚೆಲ್ಲಲಿ, ಒಂದಗುಳು ತುಟಿಗೆ ತಾಗಿಸಿಕೊಳ್ಳಲಿ. ಅರ್ಧ ಗಂಟೆಗೆ ಊಟ ಮುಗಿಸಿ, ಉಂಡರೂ ಉಣ್ಣದಿದ್ದರೂ. ತಿಂಗಳುಗಳು ಬೇಕಾಗುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಜಿಲ್ಲಾ ಮಟ್ಟದಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರವನ್ನು ವಿಚಾರಿಸಿ. ಅಲ್ಲಿ ಮಾತು ಕಲಿಸುವ ಚಿಕಿತ್ಸಕರು ನುಂಗುವುದನ್ನೂ ಕಲಿಸುತ್ತಾರೆ.

ಹಂತ 5: ಔಷಧಿಯ ಬಗ್ಗೆ ಇವನ್ನು ಕೇಳಿ

ಒಮೆಪ್ರಜೋಲ್, ಎಸೊಮೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಜಠರದಲ್ಲಿ ಆಮ್ಲ ಹುಟ್ಟುವುದನ್ನು ತಗ್ಗಿಸುತ್ತವೆ. ಮೇಲೆ ಬರುವುದನ್ನು ಅವು ತಡೆಯುವುದಿಲ್ಲ, ಬಂದದ್ದು ಸುಡದಂತೆ ಮಾಡುತ್ತವೆ. ಆದ್ದರಿಂದ ಔಷಧಿ ಕೊಟ್ಟರೂ ಕಕ್ಕುತ್ತದೆ ಎಂದು ನಿಲ್ಲಿಸಬೇಡಿ, ಅಳು ಕಡಿಮೆಯಾಯಿತೇ, ಊಟ ಸುಧಾರಿಸಿತೇ ನೋಡಿ. ಊಟಕ್ಕೆ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಕ್ಯಾಪ್ಸೂಲ್ ಒಳಗಿನ ಸಣ್ಣ ಗುಳಿಗೆಗಳನ್ನು ಅರೆದರೆ ಔಷಧಿ ಜಠರದಲ್ಲೇ ಹಾಳಾಗುತ್ತದೆ.

ಪ್ರಮಾಣ ನಿಗದಿಯಾಗುವುದು ತೂಕದ ಮೇಲೆ. ಐದು ಕಿಲೋ ಇದ್ದಾಗ ಬರೆದ ಚೀಟಿಯನ್ನು ಹತ್ತು ಕಿಲೋ ಆದಾಗಲೂ ಔಷಧಿ ಅಂಗಡಿಗೆ ಒಯ್ಯುವವರಿದ್ದಾರೆ, ದೊಡ್ಡವರ ಮಾತ್ರೆಯನ್ನು ಮುರಿದು ಕೊಡುವವರೂ ಇದ್ದಾರೆ. ಎರಡೂ ತಪ್ಪು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕೊಟ್ಟು ಮರುಪರಿಶೀಲಿಸುತ್ತಾರೆ. ವಪೆಯ ಆಪರೇಷನ್ ಆದ ಮಕ್ಕಳಿಗೆ ಹೆಚ್ಚು ಕಾಲ ಬೇಕಾಗಬಹುದು, ಆದರೆ ಬಹಳ ಕಾಲ ಕೊಟ್ಟರೆ ಹೊಟ್ಟೆಯ ಮತ್ತು ಶ್ವಾಸಕೋಶದ ಸೋಂಕು ಹೆಚ್ಚಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲೂ "ಇನ್ನೂ ಬೇಕೇ, ಯಾವಾಗ ಕಡಿಮೆ ಮಾಡುತ್ತೀರಿ?" ಎಂದು ಕೇಳಿ. ತಿಂಗಳುಗಟ್ಟಲೆ ಕೊಟ್ಟದ್ದನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಉಕ್ಕಿ ಬರುತ್ತದೆ.

ಡೊಂಪೆರಿಡೋನ್ ವಾಂತಿ ತಡೆಯುವ ಔಷಧಿ ಎಂದು ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದು ಹೃದಯದ ಬಡಿತದ ಲಯ ಕೆಡಿಸಬಲ್ಲದು, ಎರಿಥ್ರೊಮೈಸಿನ್, ಕ್ಲಾರಿಥ್ರೊಮೈಸಿನ್‌ನಂಥ ಔಷಧಿಗಳ ಜೊತೆ ಅಪಾಯ ಇನ್ನೂ ಹೆಚ್ಚು. ವೈದ್ಯರ ಚೀಟಿಯಿಲ್ಲದೆ ಕೊಡಬೇಡಿ. ಮಲದಲ್ಲಿ ರಕ್ತದ ಎಳೆ, ಮೈಮೇಲೆ ಕಜ್ಜಿ ಇರುವ ಶಿಶುವಿಗೆ ಹಸುವಿನ ಹಾಲಿನ ಅಲರ್ಜಿಯೂ ಇರಬಹುದು, ಇದನ್ನೂ ವೈದ್ಯರ ಗಮನಕ್ಕೆ ತನ್ನಿ.

ಹಂತ 6: ದೂರದ ಊರಿಗೆ ಹೋಗುವ ಮುನ್ನ

ಮಕ್ಕಳ ತಜ್ಞರನ್ನು ಮೊದಲು ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ನೋಡಿ: ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್. ಎಕ್ಸ್‌ರೇ, ರಕ್ತಪರೀಕ್ಷೆ, ತೂಕದ ನಿಗಾ ಇಲ್ಲೇ ಆಗುತ್ತದೆ. ಮಕ್ಕಳ ಶಸ್ತ್ರಚಿಕಿತ್ಸಕರೂ ಮಕ್ಕಳ ಜೀರ್ಣಾಂಗ ತಜ್ಞರೂ ಒಂದೇ ಕಡೆ ಬೇಕಾದಾಗ ಹೈದರಾಬಾದ್ ಅಥವಾ ಬೆಂಗಳೂರಿಗೆ ಹೋಗಬೇಕಾಗಬಹುದು. ಹೊರಡುವ ಮೊದಲು ಫೋನ್ ಮಾಡಿ, ಯಾವ ದಿನ ಆ ವೈದ್ಯರು ನೋಡುತ್ತಾರೆ, ಪರೀಕ್ಷೆ ಅದೇ ದಿನ ಆಗುತ್ತದೆಯೇ, ಎಷ್ಟು ಗಂಟೆ ಉಪವಾಸ ಇರಿಸಬೇಕು ಎಂದು ಕೇಳಿ. ರಾತ್ರಿಯಿಡೀ ರೈಲಿನಲ್ಲಿ ಹೋಗಿ, ಬೆಳಗ್ಗೆ ಮಗುವಿಗೆ ಹಾಲು ಕುಡಿಸಿದ ಒಂದೇ ಕಾರಣಕ್ಕೆ ಪರೀಕ್ಷೆ ತಪ್ಪಿ ಮರಳಿದವರನ್ನು ಕಂಡಿದ್ದೇನೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೀವು ಹೋಗುವ ಆಸ್ಪತ್ರೆ ಯೋಜನೆಯಲ್ಲಿ ಇದೆಯೇ ಎಂದು ಆರೋಗ್ಯ ಮಿತ್ರರನ್ನು (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಮೊದಲೇ ಕೇಳಿ, ಹೊರರಾಜ್ಯವಾದರೆ ಇನ್ನೂ ಮುಖ್ಯ.

ಅಲ್ಲಿ ಮೂರು ಪರೀಕ್ಷೆಗಳ ಹೆಸರು ಕೇಳುತ್ತೀರಿ. ಬಿಳಿ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುವುದು ಬೇರಿಯಂ ಪರೀಕ್ಷೆ. ಹರ್ನಿಯಾ ಮರಳಿದೆಯೇ, ಕರುಳು ತಿರುಚಿದೆಯೇ, ನಾಳ ಕಿರಿದಾಗಿದೆಯೇ ಎಂದು ಅದು ತೋರಿಸುತ್ತದೆ. ಅದರಲ್ಲಿ ರಿಫ್ಲಕ್ಸ್ ಕಾಣಲಿಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ. ಮೂಗಿನ ಮೂಲಕ ತೆಳ್ಳನೆಯ ತಂತಿ ಇಳಿಸಿ 24 ಗಂಟೆ ಅಳೆಯುವುದು ಪಿಎಚ್ ಇಂಪೀಡೆನ್ಸ್ ಪರೀಕ್ಷೆ. ದಿನಕ್ಕೆ ಎಷ್ಟು ಸಲ, ಎಷ್ಟು ಎತ್ತರಕ್ಕೆ ಮರಳುತ್ತದೆ, ಕೆಮ್ಮಿಗೂ ಅದಕ್ಕೂ ಸಂಬಂಧ ಇದೆಯೇ ಎಂದು ಅದು ಹೇಳುತ್ತದೆ. ಎಂಡೋಸ್ಕೊಪಿಯಲ್ಲಿ ಅನ್ನನಾಳದ ಒಳಪದರ ನೋಡಿ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಆ ಚೂರಿನ ವರದಿ ಕೆಲವು ದಿನ ತಡವಾಗಿ ಬರುತ್ತದೆ, ತರಿಸಿಕೊಳ್ಳದೆ ಬಿಡಬೇಡಿ.

ಹಂತ 7: ಇನ್ನೊಂದು ಆಪರೇಷನ್ ಎಂದಾಗ

ಔಷಧಿ, ಉಣಿಸುವ ಕ್ರಮ ಎರಡೂ ಸರಿಯಾಗಿ ನಡೆದರೂ ತೂಕ ಏರದಿದ್ದರೆ, ನ್ಯುಮೋನಿಯಾ ಪದೇಪದೇ ಬರುತ್ತಿದ್ದರೆ ಫಂಡೊಪ್ಲಿಕೇಶನ್ ಮಾಡೋಣ ಎನ್ನಬಹುದು. ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಪೂರ್ತಿಯಾಗಿ ಅಥವಾ ಅರೆಯಾಗಿ ಸುತ್ತಿ ಹೊಲಿದು ಬಿಗಿ ಮಾಡುವ ಆಪರೇಷನ್ ಇದು. ಜೊತೆಗೆ ಹೊಟ್ಟೆಗೆ ನೇರವಾಗಿ ಉಣಿಸುವ ಕೊಳವೆಯನ್ನೂ ಇಡಬಹುದು. ಕೊಳವೆ ಎಂದೊಡನೆ ಅದು ಸೋಲೆಂದು ತಿಳಿಯಬೇಡಿ. ಮಗು ಬೆಳೆಯಲು ಬೇಕಾದ್ದು ಕೊಳವೆಯಲ್ಲಿ ಹೋಗುತ್ತಿರುವಾಗ ಬಾಯಿಂದ ಉಣ್ಣುವುದನ್ನು ನಿಧಾನವಾಗಿ ಕಲಿಸಬಹುದು.

ಒಪ್ಪಿಗೆಗೆ ಸಹಿ ಹಾಕುವ ಮೊದಲು ಕೇಳಿ: ಪೂರ್ತಿ ಸುತ್ತೋ ಅರೆ ಸುತ್ತೋ? ನುಂಗಲು ಕಷ್ಟವಾದರೆ ಏನು ಮಾಡುತ್ತೀರಿ? ಈ ಸುತ್ತು ವರ್ಷಗಳಲ್ಲಿ ಸಡಿಲವಾಗಬಹುದೇ? ಆಗಬಹುದು ಎಂಬುದೇ ಪ್ರಾಮಾಣಿಕ ಉತ್ತರ. ಈ ಆಪರೇಷನ್ ಆದ ಮಗು ತೇಗಲಾರದೆ, ವಾಂತಿ ಮಾಡಲಾರದೆ ಓಕರಿಸುತ್ತಿದ್ದು, ಹೊಟ್ಟೆ ಡೋಲಿನಂತೆ ಉಬ್ಬಿದ್ದರೆ ಅದು ತುರ್ತು.

ಹಂತ 8: ಕಕ್ಕುವುದು ನಿಂತ ಮೇಲೂ

ಬಹಳ ಕುಟುಂಬಗಳು ಆಸ್ಪತ್ರೆಯ ದಾರಿ ಮರೆಯುವುದು ಇಲ್ಲಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲೇ ಈ ಮಕ್ಕಳಿಗೆ ದೀರ್ಘಕಾಲದ ತಪಾಸಣೆ ಬೇಕೆಂದು ಹೇಳಿದೆ. ರಿಫ್ಲಕ್ಸ್ ಲಕ್ಷಣಗಳಿಲ್ಲದೆಯೂ ಮುಂದುವರಿಯಬಲ್ಲದು. ಹದಿಹರೆಯದಲ್ಲಿ, ಅದರ ನಂತರವೂ ಅನ್ನನಾಳದ ಒಳಪದರದ ಜೀವಕೋಶಗಳು ಬದಲಾಗಿರುವುದು ಕೆಲವರಲ್ಲಿ ಕಂಡಿದೆ. ಇದಕ್ಕೆ ಬ್ಯಾರೆಟ್ ಅನ್ನನಾಳ ಎಂದು ಹೆಸರು. ದಶಕಗಳ ನಂತರ ಅಪರೂಪಕ್ಕೆ ಅದು ಕ್ಯಾನ್ಸರಿಗೆ ತಿರುಗಬಹುದಾದ್ದರಿಂದ, ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರ ಬಳಿಗೆ ಬದಲಾಗುವ ಮೊದಲು ಒಮ್ಮೆ ಎಂಡೋಸ್ಕೊಪಿ ಬೇಕೇ ಎಂದು ಕೇಳಿ.

ಅದೇ ಭೇಟಿಗಳಲ್ಲಿ ಬೆನ್ನುಮೂಳೆ ಓರೆಯಾಗಿದೆಯೇ, ಎದೆ ಒಳಸೇರಿದೆಯೇ ನೋಡಿಸಿ. ಕಿವಿಯ ಪರೀಕ್ಷೆಯನ್ನೂ ಮತ್ತೆ ಮಾಡಿಸಿ. ಹುಟ್ಟಿದಾಗ ಸರಿಯಾಗಿ ಕೇಳಿಸುತ್ತಿದ್ದ ಮಗುವಿಗೂ ಈ ಕಾಯಿಲೆಯಲ್ಲಿ ಆಮೇಲೆ ಕಿವುಡು ಬರಬಹುದು.

ಮಗು ಶಾಲೆಗೆ ಹೋಗುವಾಗ, ರಜೆಗೆ ಅಜ್ಜಿಯ ಊರಿಗೆ ಹೋಗುವಾಗ, ಶರಣಬಸವೇಶ್ವರ ಜಾತ್ರೆಗೆ ಬಂಧುಗಳ ಜೊತೆ ಹೋಗುವಾಗ ಒಂದು ಚೀಟಿಯನ್ನು ಚೀಲದಲ್ಲಿಡಿ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಹಿಂಬದಿಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಬರೆಸಿ:

"ನನಗೆ ಹುಟ್ಟಿದಾಗ ವಪೆಯ ಹರ್ನಿಯಾ ಆಪರೇಷನ್ ಆಗಿದೆ. ಎಡಬದಿ/ಬಲಬದಿ. ತೇಪೆ ಇದೆ/ಇಲ್ಲ. ಫಂಡೊಪ್ಲಿಕೇಶನ್ ಆಗಿದೆ/ಇಲ್ಲ. ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿದರೆ, ಉಸಿರಾಡಲು ಕಷ್ಟವಾದರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಎದೆಗೆ ನಳಿಕೆ ಹಾಕುವ ಮೊದಲು ನನ್ನ ಹಳೆಯ ಎಕ್ಸ್‌ರೇ ನೋಡಿ. ಅಪ್ಪ, ಅಮ್ಮನ ಫೋನ್ ಕೆಳಗಿದೆ."